ತುಂಬಿಸಿದ ಗ್ಯಾಸ್ ಹೋಗಿದ್ದೆಲ್ಲಿಗೆ?

ಎರಡು ವರ್ಷದ ಹಿಂದಿನ ಮೇ ತಿಂಗಳು. ಮಧ್ಯಾಹ್ನ ಎರಡು ಗಂಟೆ. ರಾಯಚೂರಿನ ಆಸ್ಪತ್ರೆಯಿಂದ ನಮ್ಮ ಪಕ್ಕದ ಮನೆಯ ಬಾಣಂತಿ, ಒಂಬತ್ತು ದಿನದ ಕೂಸು, ಕೂಸಿನ ಅಜ್ಜಿ ಮೂವರನ್ನೂ ಕೂರಿಸಿಕೊಂಡು ಊರಿಗೆ ಹೊರಟಿದ್ದೆವು. ಕಾರು ನಮ್ಮದೇ. ಸುದ್ದಿಗೆ ತಿರುಗಾಡಲು ಬೇಕು ಅಂತ ನಾವು ನಾಲ್ವರು ಗೆಳೆಯರು ದುಡ್ಡು ಹಾಕಿ ಕೊಂಡ ಹಳೇ ಗಾಡಿ. "ಎಸಿ ಐತಿ, ಕೂಸಿಗೆ ತ್ರಾಸ ಆಗಂಗಿಲ್ಲ" ಅಂತ ಹೇಳಿ ಕರೆದುಕೊಂಡು ಬರಲು ಹೋದವರೂ ನಾವೇ. ಹದಿನೈದು ದಿನದ ಹಿಂದಷ್ಟೇ 1,500 ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿದ್ದೆವು.

ಊರ ಹೊರಗೆ ಬರುತ್ತಿದ್ದಂತೆ ಎಸಿಯಿಂದ ಬಿಸಿಗಾಳಿ ಬರತೊಡಗಿತು. ಕೂಸು ಕೆಂಪಗಾಗಿ ಅಳತೊಡಗಿತು. ಅಜ್ಜಿ ಏನೂ ಗಾಬರಿಯಾಗಲಿಲ್ಲ. ಬಾಟಲಿ ನೀರಲ್ಲಿ ಟವೆಲ್ ನೆನೆಸಿ, ಕಿಟಕಿ ಗಾಜು ಇಳಿಸಿ, ಅದರ ಸಂದಿಗೆ ಸಿಕ್ಕಿಸಿದರು. ಒಂದು ನಿಮಿಷದಲ್ಲಿ ಒಳಗೆ ತಣ್ಣನೆ ಗಾಳಿ ಸುಳಿಯಿತು. ದಾರಿಯುದ್ದಕ್ಕೂ ಟವೆಲ್ ಒಣಗಿದಾಗೆಲ್ಲ ನೆನೆಸುತ್ತಲೇ ಇದ್ದರು. ಆಮೇಲೆ ನಮ್ಮ ಕಡೆ ನೋಡಿ ಕೇಳಿದರು: "ಮೊನ್ನೆ ತುಂಬ್ಸೀವಿ ಅಂದ್ರಲ್ಲಪಾ, ತುಂಬ್ಸಿದ ಗ್ಯಾಸು ಎಲ್ಲಿ ಹೋತು?"

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಓದಿದವರು ನಾವು. ಊರಿನ ಕೊಳವೆಬಾವಿಯ ನೀರು ಎಲ್ಲಿಗೆ ಹೋಯಿತು, ಅನುದಾನ ಎಲ್ಲಿಗೆ ಹೋಯಿತು ಅಂತ ಕೇಳುವವರು. ನಮ್ಮದೇ ಗಾಡಿಯ ಗ್ಯಾಸ್ ಎಲ್ಲಿಗೆ ಹೋಯಿತು ಅಂತ ಮೂರು ಬೇಸಿಗೆ ಕೇಳಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕ ಕಥೆಯೇ ಈ ಬರಹ. ಅದು ಅಮೆರಿಕದಲ್ಲಿ ಶುರುವಾಗಿ, ಅಂಟಾರ್ಕ್ಟಿಕಾದ ಆಕಾಶ ಮುಟ್ಟಿ, ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಒದ್ದೆ ಬಟ್ಟೆಯಿಂದ ಶುರು

ಅಜ್ಜಿ ಟವೆಲ್‌ನಿಂದ ಮಾಡಿದ್ದನ್ನೇ ಸುಮಾರು 90 ವರ್ಷದ ಹಿಂದೆ ಅಮೆರಿಕದ ಒಣ ಸೀಮೆಯ ಜನ ಕಾರಿನಲ್ಲಿ ಮಾಡುತ್ತಿದ್ದರು. ಕಾರಿನ ಕಿಟಕಿಗೆ ಹೊರಗಿನಿಂದ ಒಂದು ತಗಡಿನ ಡ್ರಮ್ಮು ಸಿಕ್ಕಿಸುತ್ತಿದ್ದರು. ಒಳಗೆ ನೀರು, ನೀರಲ್ಲಿ ನೆನೆದ ಒತ್ತು. ಕಾರು ಓಡಿದಂತೆ ಗಾಳಿ ಅದರೊಳಗೆ ಹಾಯ್ದು ತಂಪಾಗಿ ಒಳಗೆ ಬರುತ್ತಿತ್ತು. ನಮ್ಮಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಲ್ಲ, ಅದೇ ಲೆಕ್ಕ.

ಇದರ ಗುಟ್ಟು ಸರಳ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು, ಇಂಜೆಕ್ಷನ್‌ಗೆ ಮುಂಚೆ ನರ್ಸ್ ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುವುದು ಇದಕ್ಕೇ. ಎಸಿ ಮಾಡುವುದೂ ಇಷ್ಟೇ. ಒಂದೇ ವ್ಯತ್ಯಾಸ: ಆವಿಯಾದದ್ದನ್ನು ಗಾಳಿಗೆ ಬಿಡದೆ ಹಿಡಿದು, ಒತ್ತಿ, ಮತ್ತೆ ದ್ರವ ಮಾಡಿ, ಮತ್ತೆ ಬಳಸುತ್ತದೆ.

ಕಾರಿನ ಇಂಜಿನ್ ಪಕ್ಕದಲ್ಲಿರುವ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಮುಂದೆ ರೇಡಿಯೇಟರ್‌ಗೂ ಮುಂಚೆ ಇರುವ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗಿ ಒಳಗಿನ ಶಾಖ ಹೀರುತ್ತದೆ. ಅಲ್ಲಿಂದ ತಿರುಗಿ ಕಂಪ್ರೆಸರ್‌ಗೆ. ಗಾಣದ ಎತ್ತಿನ ಹಾಗೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಎಲ್ಲೂ ಸುಡುವುದಿಲ್ಲ, ಎಲ್ಲೂ ಖರ್ಚಾಗುವುದಿಲ್ಲ. ಈ ಒಂದು ಮಾತು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ವಿಷದ ಗ್ಯಾಸ್ ಹೋಗಿ "ಸಾಧು" ಗ್ಯಾಸ್ ಬಂತು

1920ರ ದಶಕದಲ್ಲಿ ಅಮೆರಿಕ, ಯುರೋಪಿನ ಮನೆಗಳಿಗೆ ಫ್ರಿಜ್ ಬರತೊಡಗಿತು. ಅದರೊಳಗೆ ಸುತ್ತುತ್ತಿದ್ದದ್ದು ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಎಂಬ ಗ್ಯಾಸುಗಳು. ಮೂರೂ ವಿಷ. ಮೀಥೈಲ್ ಕ್ಲೋರೈಡ್‌ಗೆ ಮೂಗಿಗೆ ಹೊಡೆಯುವಂಥ ವಾಸನೆಯೂ ಇರಲಿಲ್ಲ. ರಾತ್ರಿ ಫ್ರಿಜ್ ಸೋರಿದರೆ ಮಲಗಿದವರು ಏಳುತ್ತಿರಲಿಲ್ಲ. ಶಿಕಾಗೊ ನಗರದಲ್ಲಿ ಆ ದಶಕದ ಕೊನೆಯಲ್ಲಿ ಹೀಗೆ ಹಲವರು ಸತ್ತರು. ವಿಜ್ಞಾನಿ ಐನ್‌ಸ್ಟೈನ್ ಕೂಡ ಲಿಯೊ ಜಿಲಾರ್ಡ್ ಜತೆ ಸೇರಿ ಸೋರದ ಫ್ರಿಜ್ ಮಾಡಲು ಹೊರಟು ಪೇಟೆಂಟ್ ಪಡೆದಿದ್ದರು.

ಆಗ ಫ್ರಿಜಿಡೇರ್ ಎಂಬ ಫ್ರಿಜ್ ಕಂಪನಿ ಕಾರು ತಯಾರಿಸುವ ಜನರಲ್ ಮೋಟರ್ಸ್ ಕೈಯಲ್ಲಿತ್ತು. ಅಲ್ಲಿನ ಥಾಮಸ್ ಮಿಜ್ಲಿ ಎಂಬ ಇಂಜಿನಿಯರ್ ಮತ್ತು ಸಂಗಡಿಗರು 1928ರಲ್ಲಿ ಹೊಸ ಗ್ಯಾಸ್ ಕಂಡುಹಿಡಿದರು. ಅದಕ್ಕೆ ವಿಷವಿಲ್ಲ, ಬೆಂಕಿ ಹತ್ತುವುದಿಲ್ಲ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಜ್ಲಿ ಆ ಗ್ಯಾಸನ್ನು ಎಲ್ಲರೆದುರು ಎದೆ ತುಂಬ ಎಳೆದುಕೊಂಡು, ಉರಿಯುವ ಮೋಂಬತ್ತಿಯ ಮೇಲೆ ಊದಿದರು. ಮೋಂಬತ್ತಿ ಆರಿತು, ಮಿಜ್ಲಿಗೆ ಏನೂ ಆಗಲಿಲ್ಲ. ಫ್ರಿಯಾನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮೆಕ್ಯಾನಿಕ್‌ಗಳ ಬಾಯಲ್ಲಿ ಆರ್-12.

ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕೊಟ್ಟವರೂ ಇದೇ ಮಿಜ್ಲಿ. ಆ ಸೀಸದ ಪೆಟ್ರೋಲನ್ನು ಆಮೇಲೆ ಜಗತ್ತೆಲ್ಲ ನಿಷೇಧಿಸಬೇಕಾಯಿತು. ಆದರೆ ಆರ್-12 ಬಂದಾಗ ಅದು ನಿಜಕ್ಕೂ ಜೀವ ಉಳಿಸಿತು. ಮಲಗಿದವರನ್ನು ಕೊಲ್ಲದ ಗ್ಯಾಸ್ ಅದು. ಅದಕ್ಕೇ ಅದು ಸೋರಿದರೂ ಯಾರೂ ಚಿಂತಿಸಲಿಲ್ಲ.

ಬೆಲ್ಟ್ ಬಿಚ್ಚಿದರೆ ಎಸಿ ಆಫ್

ಕಂಪನಿಯಿಂದಲೇ ಎಸಿ ಕೂರಿಸಿಕೊಂಡು ಬಂದ ಮೊದಲ ಕಾರು ಅಮೆರಿಕದ ಪ್ಯಾಕಾರ್ಡ್. 1939ರಲ್ಲಿ ಶಿಕಾಗೊದ ಕಾರು ಪ್ರದರ್ಶನದಲ್ಲಿ ಅದನ್ನು ತೋರಿಸಿದರು. ಎಸಿಗೆ 274 ಡಾಲರ್ ಹೆಚ್ಚು ಕೊಡಬೇಕಿತ್ತು. ಆಗ ಒಂದು ಸಾಧಾರಣ ಹೊಸ ಕಾರೇ 700 ಡಾಲರ್ ಆಸುಪಾಸು. ಕೂಲಿಂಗ್ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗಿತ್ತು, ಡಿಕ್ಕಿಯ ಅರ್ಧ ಜಾಗ ಅದಕ್ಕೇ. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಇಂಜಿನ್ ತಿರುಗಿದರೆ ಅದೂ ತಿರುಗಬೇಕು. ಚಳಿಗಾಲ ಬಂದರೆ ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಿಡಬೇಕಿತ್ತು. ಕೊಂಡವರು ಕಮ್ಮಿ. ಒಂದೆರಡು ವರ್ಷದಲ್ಲೇ ಕಂಪನಿ ಅದನ್ನು ಕೈಬಿಟ್ಟಿತು.

ಯುದ್ಧ ಮುಗಿದ ಮೇಲೆ 1953ರಲ್ಲಿ ದೊಡ್ಡ ಕಂಪನಿಗಳು ಮತ್ತೆ ಎಸಿ ತಂದವು. 1954ರ ನ್ಯಾಶ್ ಕಾರಿನಲ್ಲಿ ಎಸಿಯ ಎಲ್ಲ ಭಾಗಗಳೂ ಬಾನೆಟ್ ಕೆಳಗೆ ಮತ್ತು ಡ್ಯಾಶ್‌ಬೋರ್ಡ್ ಹಿಂದೆ ಬಂದವು. ಇವತ್ತು ನಮ್ಮ ಕಾರುಗಳಲ್ಲಿ ಇರುವುದೂ ಅದೇ ಜೋಡಣೆ. 1969ರ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎಸಿ ಇತ್ತು. ಅಷ್ಟರಲ್ಲಿ ಕಾರಿನ ಎಸಿಗೆ ಆರ್-12 ಕಾಯಂ ಆಗಿತ್ತು.

ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳೋಣ. ನಿಮ್ಮ ಮನೆಯ ಫ್ರಿಜ್‌ಗೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುತ್ತೀರಾ? ಇಲ್ಲ. ಹತ್ತು ಹದಿನೈದು ವರ್ಷ ಅದೇ ಗ್ಯಾಸು ತಿರುಗುತ್ತದೆ. ಹಾಗಿದ್ದರೆ ಕಾರಿಗೇಕೆ ಬೇಕು?

ಫ್ರಿಜ್‌ನಲ್ಲಿ ಮೋಟರು, ಕಂಪ್ರೆಸರು ಎರಡನ್ನೂ ಒಂದೇ ಉಕ್ಕಿನ ಗಡಿಗೆಯೊಳಗೆ ಹಾಕಿ ಬೆಸುಗೆ ಮಾಡಿರುತ್ತಾರೆ. ಹೊರಗೆ ಬರುವುದು ವಯರ್ ಮತ್ತು ಪೈಪು ಮಾತ್ರ. ಕಾರಿನಲ್ಲಿ ಕಂಪ್ರೆಸರನ್ನು ತಿರುಗಿಸುವುದು ಇಂಜಿನ್ನಿನ ಬೆಲ್ಟ್. ಹಾಗಾಗಿ ಅದರ ಶಾಫ್ಟ್ ಹೊರಗೆ ಬರಲೇಬೇಕು, ಅಲ್ಲಿ ಒಂದು ಸೀಲು ಬೇಕು. ಇಂಜಿನ್ ಅದುರುವುದರಿಂದ ಪೈಪು ರಬ್ಬರಿನದಾಗಬೇಕು. ರಬ್ಬರು, ಸೀಲು, ಜಾಯಿಂಟು ಇದ್ದಲ್ಲೆಲ್ಲ ಸೋರುವ ದಾರಿ ಇದೆ. ಸರಿಯಿರುವ ಕಾರಿನಲ್ಲೂ ವರ್ಷಕ್ಕೆ ಕೆಲವು ಗ್ರಾಂ ಹೋಗುತ್ತದೆ. ಹಾಗೆ ಹೋದರೆ ತಂಪು ಕಮ್ಮಿಯಾಗಲು ಹಲವು ವರ್ಷ ಬೇಕು. ಹದಿನೈದು ದಿನದಲ್ಲಿ ಖಾಲಿಯಾದರೆ ತೂತು ದೊಡ್ಡದಿದೆ ಅಂತಲೇ ಅರ್ಥ.

ಡಬ್ಬಿ ಗ್ಯಾಸಿನ ಕಾಲ

1970, 80ರ ದಶಕದ ಅಮೆರಿಕದಲ್ಲಿ ಆರ್-12 ಅಗ್ಗವಾಗಿತ್ತು. ಅರ್ಧ ಕಿಲೋಗಿಂತ ಕಮ್ಮಿ ತೂಕದ ಸಣ್ಣ ಡಬ್ಬಿಗಳಲ್ಲಿ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ಬೇಸಿಗೆ ಬಂತೆಂದರೆ ಜನ ಮನೆ ಮುಂದೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಒಂದು ಪೈಪು ಸಿಕ್ಕಿಸಿ ತಾವೇ ತುಂಬಿಕೊಳ್ಳುತ್ತಿದ್ದರು. ಸೋರಿದರೆ? ಮುಂದಿನ ಬೇಸಿಗೆಗೆ ಇನ್ನೊಂದು ಡಬ್ಬಿ. ತೂತು ಹುಡುಕಲು ಮೆಕ್ಯಾನಿಕ್‌ಗೆ ಕೊಡುವ ಕೂಲಿಗಿಂತ ಡಬ್ಬಿಯೇ ಅಗ್ಗ. ಗ್ಯಾರೇಜಿನವರೂ ರಿಪೇರಿಗೆ ಮುಂಚೆ ಉಳಿದ ಗ್ಯಾಸನ್ನು ಬುಸ್ ಅಂತ ಗಾಳಿಗೆ ಬಿಟ್ಟು ಕೆಲಸ ಶುರು ಮಾಡುತ್ತಿದ್ದರು.

ಅವರನ್ನು ನಾವು ಆಡಿಕೊಳ್ಳುವ ಹಾಗಿಲ್ಲ. ಮೂರು ಬೇಸಿಗೆ ನಾವು ಮಾಡಿದ್ದೂ ಅದನ್ನೇ. ಅವರಿಗೆ ಆ ಗ್ಯಾಸು ಗಾಳಿಯಲ್ಲಿ ಕರಗಿ ಮಾಯವಾಗುತ್ತದೆ ಎಂಬ ನಂಬಿಕೆ ಇತ್ತು. ನಮಗೆ ಅದರ ಬಗ್ಗೆ ಯೋಚನೆಯೇ ಇರಲಿಲ್ಲ.

ಗ್ಯಾಸು ಸಿಕ್ಕಿದ್ದು ಆಕಾಶದಲ್ಲಿ

1974ರಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ವಿಜ್ಞಾನಿಗಳು, ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲ್ಯಾಂಡ್, ಕೂಸಿನ ಅಜ್ಜಿ ಕೇಳಿದ ಪ್ರಶ್ನೆಯನ್ನೇ ಕೇಳಿದರು. ಇಷ್ಟೆಲ್ಲ ಗ್ಯಾಸು ಸೋರುತ್ತಿದೆಯಲ್ಲ, ಎಲ್ಲಿಗೆ ಹೋಗುತ್ತಿದೆ?

ಅವರ ಉತ್ತರ ಹೀಗಿತ್ತು. ಆರ್-12ರಂಥ ಗ್ಯಾಸುಗಳು, ಅಂದರೆ ಸಿಎಫ್‌ಸಿಗಳು, ಬಹಳ ಗಟ್ಟಿ. ಮಳೆಗೆ ಕರಗುವುದಿಲ್ಲ, ಯಾವುದರ ಜತೆಗೂ ಬೆರೆಯುವುದಿಲ್ಲ. ವರ್ಷಗಟ್ಟಲೆ ಗಾಳಿಯಲ್ಲಿ ಅಲೆದು ಮೇಲೇರುತ್ತವೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ಬಡಿದಾಗ ಒಡೆದು ಕ್ಲೋರಿನ್ ಬಿಡುತ್ತವೆ. ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಝೋನ್ ಅಣುಗಳನ್ನು ಒಡೆಯುತ್ತದೆ. ಭೂಮಿಗೆ ಚಪ್ಪರದ ಹಾಗೆ ಇರುವುದು ಆ ಓಝೋನ್ ಪದರ. ಅದು ತೆಳ್ಳಗಾದರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚುತ್ತದೆ, ಬೆಳೆಗೂ ಪೆಟ್ಟು ಬೀಳುತ್ತದೆ.

ಗ್ಯಾಸ್ ತಯಾರಿಸುವ ಕಂಪನಿಗಳು ಇದನ್ನು ಒಪ್ಪಲಿಲ್ಲ. ಹತ್ತು ವರ್ಷ ವಾದ ನಡೆಯಿತು. 1985ರ ಮೇ ತಿಂಗಳಲ್ಲಿ ಬ್ರಿಟನ್ನಿನ ಜೋ ಫಾರ್ಮನ್, ಬ್ರಯನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಎಂಬ ಮೂವರು ಅಂಟಾರ್ಕ್ಟಿಕಾದ ತಮ್ಮ ಠಾಣೆಯ ಅಳತೆಗಳನ್ನು ಪ್ರಕಟಿಸಿದರು. ಅಲ್ಲಿನ ವಸಂತಕಾಲದಲ್ಲಿ ನೆತ್ತಿಯ ಮೇಲಿನ ಓಝೋನ್ ವರ್ಷದಿಂದ ವರ್ಷಕ್ಕೆ ಭಾರೀ ಕುಸಿದಿತ್ತು. ಮನುಷ್ಯರೇ ವಾಸವಿಲ್ಲದ ಕಡೆ, ಒಂದೂ ಕಾರು ಎಸಿ ಹಾಕಿಕೊಂಡು ಓಡದ ಕಡೆ, ತೂತು ಬಿದ್ದಿತ್ತು.

1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು: ಸಿಎಫ್‌ಸಿ ತಯಾರಿಕೆಯನ್ನು ಹಂತಹಂತವಾಗಿ ಇಳಿಸಬೇಕು. ಆಮೇಲೆ ಪೂರ್ತಿ ನಿಲ್ಲಿಸಬೇಕು ಅಂತಾಯಿತು. ಮೊಲಿನಾ, ರೋಲ್ಯಾಂಡ್ ಇಬ್ಬರಿಗೂ ಪಾಲ್ ಕ್ರುಟ್ಸನ್ ಜತೆ 1995ರ ನೊಬೆಲ್ ಬಂತು.

ಡಬ್ಬಿಗೆ ಬಿದ್ದ ಕಡಿವಾಣ

ಮನೆಯಂಗಳದಲ್ಲಿ ಗ್ಯಾಸ್ ತುಂಬುವ ಅಭ್ಯಾಸದ ಮೇಲೆ ಕಾನೂನು ಕೈಯಿಟ್ಟದ್ದು 1992ರಲ್ಲಿ. ಆ ವರ್ಷದ ಜುಲೈಯಿಂದ ಅಮೆರಿಕದಲ್ಲಿ ಗ್ಯಾಸನ್ನು ಬೇಕಂತ ಗಾಳಿಗೆ ಬಿಡುವುದು ಅಪರಾಧವಾಯಿತು. ನವೆಂಬರ್ 15ರಿಂದ ಆರ್-12ರ ಸಣ್ಣ ಡಬ್ಬಿಗಳನ್ನು ತರಬೇತಿ ಪಡೆದು ಪ್ರಮಾಣಪತ್ರ ಇದ್ದ ಮೆಕ್ಯಾನಿಕ್‌ಗಳಿಗೆ ಮಾತ್ರ ಮಾರಬೇಕಾಯಿತು. 1995ರ ಕೊನೆಗೆ ತಯಾರಿಕೆಯೇ ನಿಂತಿತು. ಬೆಲೆ ಏರಿತು, ಕಳ್ಳಸಾಗಣೆ ಶುರುವಾಯಿತು. 90ರ ದಶಕದ ನಡುವೆ ಮಯಾಮಿ ಬಂದರಿನಲ್ಲಿ ಕಳ್ಳ ದಾರಿಯಲ್ಲಿ ಬರುವ ಸರಕಿನಲ್ಲಿ ಮಾದಕವಸ್ತು ಬಿಟ್ಟರೆ ಈ ಗ್ಯಾಸೇ ದೊಡ್ಡದು ಅಂತ ಅಧಿಕಾರಿಗಳು ಹೇಳುತ್ತಿದ್ದರು.

ಅದರ ಜಾಗಕ್ಕೆ ಬಂದದ್ದು ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ತೊಂದರೆ ಇಲ್ಲ. 1994ರ ಹೊತ್ತಿಗೆ ಅಮೆರಿಕದ ಹೆಚ್ಚುಕಮ್ಮಿ ಎಲ್ಲ ಹೊಸ ಕಾರುಗಳೂ ಇದಕ್ಕೆ ಬದಲಾದವು. ಹಳೇ ಗ್ಯಾಸಿನ ಎಣ್ಣೆ ಇದಕ್ಕೆ ಒಗ್ಗುತ್ತಿರಲಿಲ್ಲ. ಎಣ್ಣೆ ಬದಲಿಸದೆ ಹೊಸ ಗ್ಯಾಸ್ ತುಂಬಿದವರ ಕಂಪ್ರೆಸರ್ ಜಾಮ್ ಆಯಿತು.

ಇವತ್ತು ಬಾನೆಟ್ ಎತ್ತಿದರೆ ಎಸಿ ಪೈಪಿನ ಮೇಲೆ ಎರಡು ಮುಚ್ಚಳ ಕಾಣುತ್ತವೆ. ಒಂದು ಲೋ ಸೈಡ್, ಒಂದು ಹೈ ಸೈಡ್. ಎರಡರ ಅಳತೆ ಬೇರೆ ಬೇರೆ. ಡಬ್ಬಿಯ ಪೈಪು ಲೋ ಸೈಡಿಗೆ ಮಾತ್ರ ಕೂರುತ್ತದೆ. ಹಳೇ ಕಾಲದಲ್ಲಿ ತಪ್ಪಿ ಹೈ ಸೈಡಿಗೆ ಸಿಕ್ಕಿಸಿದರೆ ಒತ್ತಡ ಡಬ್ಬಿಗೇ ನುಗ್ಗಿ ಅದು ಸಿಡಿಯುವ ಅಪಾಯವಿತ್ತು. ಕಾರಿನ ಟೈರಿನಲ್ಲಿರುವುದು ಸುಮಾರು 32 ಪಿಎಸ್‌ಐ. ಬಿಸಿಲಲ್ಲಿ ಓಡುವ ಎಸಿಯ ಹೈ ಸೈಡಿನಲ್ಲಿ 250 ದಾಟುತ್ತದೆ.

ಆರ್-134ಎ ಡಬ್ಬಿಗಳನ್ನು ಅಮೆರಿಕ ಮನೆಯವರಿಗೂ ಮಾರಲು ಬಿಟ್ಟಿತು. ಆದರೆ ಈ ಗ್ಯಾಸಿನ ತಕರಾರು ಬೇರೆ. ಇದು ಭೂಮಿಯನ್ನು ಬಿಸಿ ಮಾಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ನಮ್ಮ ಸಣ್ಣ ಕಾರಿಗೆ ಹಿಡಿಯುವ 450 ಗ್ರಾಂ ಸೋರಿಹೋದರೆ ಸುಮಾರು 270 ಲೀಟರ್ ಪೆಟ್ರೋಲ್ ಸುಟ್ಟಷ್ಟು ಬಿಸಿ. ಈ ಲೆಕ್ಕ ಹಾಕಿದ ದಿನ ನಮಗೆ ನಿಜಕ್ಕೂ ನಾಚಿಕೆಯಾಯಿತು.

ಹಾಗಾಗಿ 2010ರಿಂದ ಕ್ಯಾಲಿಫೋರ್ನಿಯ ರಾಜ್ಯ ಡಬ್ಬಿಗೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಕಡ್ಡಾಯ ಮಾಡಿತು. ಡಬ್ಬಿಗೆ ಠೇವಣಿ ಇಟ್ಟು, ಅಂಗಡಿಗೆ ವಾಪಸ್ ತಂದರೆ ದುಡ್ಡು ಮರಳಿ ಕೊಡುವ ಪದ್ಧತಿ ತಂದಿತು. ನಮ್ಮ ಹಳೇ ಸೋಡಾ ಬಾಟಲಿ ಲೆಕ್ಕ. 2018ರಿಂದ ಆ ವಾಲ್ವ್ ಇಡೀ ಅಮೆರಿಕಕ್ಕೆ ಬಂತು. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಆರ್-134ಎ ಹಾಕುವಂತಿಲ್ಲ. ಅಲ್ಲಿ ಬಹುಪಾಲು ಆರ್-1234ವೈಎಫ್ ಬಂದಿದೆ. ಅದು ಭೂಮಿಯನ್ನು ಬಿಸಿ ಮಾಡುವುದು ತೀರಾ ಕಮ್ಮಿ, ಆದರೆ ಬೆಲೆ ಜಾಸ್ತಿ, ಸ್ವಲ್ಪ ಬೆಂಕಿ ಹಿಡಿಯುವ ಗುಣವೂ ಇದೆ.

ಈ ನಡುವೆ 2011ರಲ್ಲಿ ಹಡಗಿನ ತಂಪು ಕಂಟೇನರ್‌ಗಳು ಸಿಡಿದು ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಮೂವರು ಸತ್ತರು. ತನಿಖೆಯಲ್ಲಿ ಗೊತ್ತಾಯಿತು: ಆರ್-134ಎ ಅಂತ ತುಂಬಿದ್ದ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅಲ್ಯೂಮಿನಿಯಂ ಜತೆ ಸೇರಿ ಅದು ಸಿಡಿಯುವ ವಸ್ತುವಾಗಿತ್ತು. 1920ರ ದಶಕದಲ್ಲಿ ಮಲಗಿದವರನ್ನು ಕೊಂದ ಅದೇ ವಿಷ, ಕಲಬೆರಕೆಯವರ ಕೈಯಲ್ಲಿ ಸುಮಾರು 80 ವರ್ಷದ ಮೇಲೆ ಮರಳಿ ಬಂದಿತ್ತು. ಅಗ್ಗಕ್ಕೆ ಸಿಕ್ಕಿತು ಅಂತ ಹೆಸರಿಲ್ಲದ ಡಬ್ಬಿ ಕೊಳ್ಳುವ ಮುಂಚೆ ಇದು ನೆನಪಿರಲಿ.

ನಮ್ಮ ದೇಶಕ್ಕೆ ಬಂದಾಗ

ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದ ಸೇರಿತು. ಸಿಎಫ್‌ಸಿ ಬಿಡಲು ನಮ್ಮಂಥ ದೇಶಗಳಿಗೆ ಹೆಚ್ಚು ಕಾಲ ಕೊಟ್ಟಿದ್ದರು, ಖರ್ಚಿಗೆ ನಿಧಿಯೂ ಇತ್ತು. ಭಾರತ ಗಡುವಿಗಿಂತ ಮುಂಚೆಯೇ, 2008ರ ಆಗಸ್ಟ್‌ನಲ್ಲಿ, ಅಸ್ತಮಾ ಇನ್‌ಹೇಲರ್‌ಗೆ ಬೇಕಾದಷ್ಟನ್ನು ಬಿಟ್ಟು ತಯಾರಿಕೆ ನಿಲ್ಲಿಸಿತು. ಆರ್-134ಎಯಂಥ ಗ್ಯಾಸುಗಳನ್ನು ಇಳಿಸುವ ಕಿಗಾಲಿ ತಿದ್ದುಪಡಿಗೆ ದೇಶಗಳು ಒಪ್ಪಿದ್ದು 2016ರಲ್ಲಿ, ಭಾರತ ಅದನ್ನು ಅಂಗೀಕರಿಸಿದ್ದು 2021ರಲ್ಲಿ. ನಮ್ಮ ಇಳಿಕೆ 2032ರಿಂದ ಶುರುವಾಗಬೇಕು.

ಒಪ್ಪಂದ ಫಲ ಕೊಟ್ಟಿದೆ. ಈಗಿನ ನಿಯಮಗಳು ಹೀಗೇ ನಡೆದರೆ ಅಂಟಾರ್ಕ್ಟಿಕಾದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ ಅಂತ 2023ರ ಜನವರಿಯಲ್ಲಿ ವಿಶ್ವಸಂಸ್ಥೆಯ ವಿಜ್ಞಾನಿಗಳು ಹೇಳಿದ್ದಾರೆ. ಜಗತ್ತು ತನ್ನ ತಪ್ಪು ತಿದ್ದಿಕೊಂಡ ಅಪರೂಪದ ಕಥೆ ಇದು. ಡಬ್ಬಿ ಮೇಲೆ ಡಬ್ಬಿ ತುಂಬುವುದನ್ನು ಬಿಟ್ಟು ತೂತು ಎಲ್ಲಿದೆ ಅಂತ ನೋಡಿದ್ದರಿಂದ ಅದು ಆಯಿತು.

ಅಂಗಳದಲ್ಲೇ ನೋಡಬಹುದಾದದ್ದು

ಎಸಿ ತಂಪು ಕಮ್ಮಿಯಾದ ಕೂಡಲೇ ಗ್ಯಾಸು ಅಂತ ಓಡಬೇಡಿ. ದುಡ್ಡಿಲ್ಲದೆ ನೀವೇ ನೋಡಬಹುದಾದ್ದು ಸಾಕಷ್ಟಿದೆ.

ಗಾಳಿಯೇ ಕಮ್ಮಿ ಬರುತ್ತಿದ್ದರೆ ಎಸಿ ಫಿಲ್ಟರ್ ನೋಡಿ. ಬಹಳ ಕಾರುಗಳಲ್ಲಿ ಎಡಗಡೆ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಇರುತ್ತದೆ. ನಮ್ಮ ಮಣ್ಣುದಾರಿಯ ಧೂಳಿಗೆ ಅದು ಕಂಬಳಿಯ ಹಾಗಾಗಿರುತ್ತದೆ.

ಓಡುವಾಗ ತಂಪು, ನಿಂತಾಗ ಬಿಸಿ ಅಂತಾದರೆ ಕಂಡೆನ್ಸರ್ ಮತ್ತು ಅದರ ಫ್ಯಾನ್ ಮೇಲೆ ಅನುಮಾನ. ಕಂಡೆನ್ಸರ್ ಸಂದಿಯಲ್ಲಿ ಹುಳು, ಹೊಟ್ಟು, ಕೆಸರು ತುಂಬಿದ್ದರೆ ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್ ಬೇಡ, ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ದೂರದಿಂದ ನೋಡಿ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಪಂಚೆ, ಸೆರಗು ಒಯ್ಯಬೇಡಿ.

ಎಸಿ ಒತ್ತಿದಾಗ ಹಳೇ ಕಾರುಗಳಲ್ಲಿ ಕಂಪ್ರೆಸರ್ ಕ್ಲಚ್ "ಟಿಕ್" ಅನ್ನುತ್ತದೆ. ಅನ್ನದಿದ್ದರೆ ಫ್ಯೂಸ್, ರಿಲೇ ನೋಡಿ. ಗ್ಯಾಸ್ ತೀರಾ ಕಮ್ಮಿಯಾದರೂ ಒಂದು ಸ್ವಿಚ್ ಕಂಪ್ರೆಸರ್ ತಿರುಗದಂತೆ ತಡೆಯುತ್ತದೆ. ಕೆಲವು ಹೊಸ ಕಾರುಗಳಲ್ಲಿ ಈ ಕ್ಲಚ್ಚೇ ಇಲ್ಲ, ಸದ್ದು ಬರುವುದಿಲ್ಲ.

ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಹೆದರಬೇಡಿ. ಅದು ಗಾಳಿಯ ತೇವ, ತಂಪಿಗೆ ನೀರಾದದ್ದು. ಗ್ಯಾಸಿನ ಸೋರಿಕೆಗೆ ಗುರುತು ಬೇರೆ: ಗ್ಯಾಸಿನ ಜತೆ ಎಣ್ಣೆಯೂ ಸುತ್ತುತ್ತದೆ. ಸೋರುವ ಕಡೆ ಜಿಡ್ಡು ಕಟ್ಟಿ ಧೂಳು ಅಂಟಿರುತ್ತದೆ. ಪೈಪಿನ ಜಾಯಿಂಟು, ಕಂಡೆನ್ಸರ್ ಮೂಲೆಗಳಲ್ಲಿ ಅದನ್ನು ಹುಡುಕಿ. ಇಂಜಿನ್ ಆರಿಸಿ ಸೋಪಿನ ನೀರು ಹಚ್ಚಿದರೆ ದೊಡ್ಡ ಸೋರಿಕೆ ಗುಳ್ಳೆ ಎಬ್ಬಿಸುತ್ತದೆ.

ಇಲ್ಲಿಗೆ ನಿಲ್ಲಿಸಿ. ಪೈಪು ಬಿಚ್ಚುವುದು, ಡಬ್ಬಿ ತುಂಬುವುದು ಮನೆಯ ಕೆಲಸವಲ್ಲ ಅಂತ ನಾವು ಹೇಳಲು ಕಾರಣವಿದೆ. ಆರ್-134ಎ ಕುದಿಯುವುದೇ ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಕೈಗೆ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗಾದರೆ ಕಣ್ಣೇ ಹೋಗಬಹುದು. ಬೆಂಕಿಗೆ ತಾಗಿದರೆ ವಿಷದ ಹೊಗೆ ಬರುತ್ತದೆ, ಹತ್ತಿರ ಬೀಡಿ ಸೇದಬೇಡಿ. ಅಡುಗೆ ಗ್ಯಾಸ್ ತುಂಬಿದರೂ ತಂಪಾಗುತ್ತದೆ ಅಂತ ಯಾರಾದರೂ ಹೇಳಿದರೆ ಆ ಗಾಡಿಯಲ್ಲಿ ಕೂರಲೇಬೇಡಿ. ಎಸಿಯ ತೂತಿಗೆ ಅಂಟು ದ್ರವ ಸೇರಿಸಿ ಮುಚ್ಚುವ ಡಬ್ಬಿಗಳೂ ಇವೆ, ಅವು ಮುಂದೆ ಮೆಕ್ಯಾನಿಕ್‌ನ ಯಂತ್ರವನ್ನೇ ಕಟ್ಟಿಸಿಬಿಡುತ್ತವೆ.

ಇನ್ನೊಂದು ವಿಷಯ. ಡಬ್ಬಿಯ ಮೇಲಿನ ಸಣ್ಣ ಮೀಟರ್ ಒತ್ತಡ ತೋರಿಸುತ್ತದೆ, ಒಳಗೆ ಎಷ್ಟು ಗ್ಯಾಸಿದೆ ಅಂತ ತೋರಿಸುವುದಿಲ್ಲ. ಸಿಲಿಂಡರ್ ಖಾಲಿಯಾಗುವವರೆಗೂ ಒಲೆ ಅದೇ ರಭಸದಲ್ಲಿ ಉರಿಯುತ್ತದಲ್ಲ, ಹಾಗೇ ಇದು. ಗ್ಯಾಸು ಹೆಚ್ಚಾದರೂ ತಂಪು ಕಮ್ಮಿಯಾಗುತ್ತದೆ, ಕಂಪ್ರೆಸರ್‌ಗೂ ಪೆಟ್ಟು. ಸರಿಯಾದ ಅಳತೆ ತೂಕ ಒಂದೇ. ಎಷ್ಟು ಗ್ರಾಂ ಬೇಕು ಅಂತ ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ.

ಹಾಗಾಗಿ ಗ್ಯಾರೇಜಿಗೆ ಹೋದಾಗ ಹೀಗೆ ಕೇಳಿ. ಮೊದಲು ಎಲ್ಲಿ ಸೋರಿದೆ ತೋರಿಸಿ. ಅದನ್ನು ರಿಪೇರಿ ಮಾಡಿ. ಆಮೇಲೆ ಪಂಪ್ ಹಚ್ಚಿ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಮಾಡಿ, ಅದು ನಿಲ್ಲುತ್ತದೆಯೇ ನೋಡಿ. ಒಳಗೆ ತೇವ ಉಳಿದರೆ ಆಮ್ಲವಾಗಿ ಒಳಗಿಂದ ತಿನ್ನುತ್ತದೆ. ಕೊನೆಗೆ ಚೀಟಿಯಲ್ಲಿದ್ದಷ್ಟೇ ತೂಗಿ ತುಂಬಿ.

ಅಜ್ಜಿಗೆ ಉತ್ತರ

ಕೂಸನ್ನು ಮನೆ ಮುಟ್ಟಿಸಿದ ವಾರದಲ್ಲಿ ನಾವು ಬೇರೆ ಊರಿನ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. "ಎಷ್ಟು ಸಲ ತುಂಬ್ಸೀರಿ?" ಅಂದರು. ಮೂರು ಸಲ ಅಂದೆವು. "ಗ್ಯಾಸು ಪೆಟ್ರೋಲ್ ಇದ್ದಂಗ ಅಲ್ರಿ, ಸುಟ್ಟು ಹೋಗಾಕ. ಹೋಗೈತಿ ಅಂದ್ರ ಎಲ್ಲೋ ತೂತು ಐತಿ" ಅಂತ ಟಾರ್ಚ್ ಹಿಡಿದು ಬಗ್ಗಿದರು. ಹತ್ತು ನಿಮಿಷದಲ್ಲಿ ಸಿಕ್ಕಿತು. ಕಂಡೆನ್ಸರ್ ಕೆಳಗಿನ ಮೂಲೆ, ಜಲ್ಲಿಕಲ್ಲು ಹೊಡೆದ ಜಾಗ, ಸುತ್ತ ಎಣ್ಣೆ ಜಿಡ್ಡು. ಹೊಸ ಕಂಡೆನ್ಸರ್‌ಗೆ, ಕೂಲಿಗೆ, ಗ್ಯಾಸಿಗೆ ಎಲ್ಲ ಸೇರಿ 6,200 ರೂಪಾಯಿ. ಮೂರು ಬೇಸಿಗೆ ಗಾಳಿಗೆ ಬಿಟ್ಟದ್ದು 4,500. ಮೊದಲ ಬೇಸಿಗೆಯಲ್ಲೇ ಈ ಪ್ರಶ್ನೆ ಕೇಳಿದ್ದರೆ ಅಷ್ಟೂ ಉಳಿಯುತ್ತಿತ್ತು. ಆಮೇಲೆ ಎರಡು ಬೇಸಿಗೆ ಕಳೆದಿವೆ, ಗ್ಯಾಸ್ ತುಂಬಿಸಿಲ್ಲ.

ಕಾರಿನ ಎಸಿ ಇನ್ನು ಕೇವಲ ಉಳ್ಳವರ ಸೌಕರ್ಯ ಅಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೂ ಎಸಿ ಕಡ್ಡಾಯವಾಗಿದೆ. ನಮ್ಮ ಊರುಗಳಿಂದ ಭತ್ತ, ಮೆಣಸಿನಕಾಯಿ ಹೊತ್ತು ಬಿಸಿಲಲ್ಲಿ ಹೋಗುವ ಡ್ರೈವರ್ ಅಣ್ಣಂದಿರಿಗೆ ಅದು ಬೇಕಾಗಿತ್ತು. ನಾಲ್ಕೈದು ವರ್ಷದಲ್ಲಿ ಆ ಎಸಿಗಳೂ ಸೋರತೊಡಗುತ್ತವೆ, "ಗ್ಯಾಸ್ ಖಾಲಿ" ಅನ್ನುವ ಮಾತು ಅವರಿಗೂ ಕೇಳಿಬರುತ್ತದೆ. ಆಗ ಕೇಳಬೇಕಾದ ಪ್ರಶ್ನೆಯನ್ನು ಅಜ್ಜಿ ಆಗಲೇ ಹೇಳಿಕೊಟ್ಟಿದ್ದಾರೆ.

ಮೊನ್ನೆ ಅವರನ್ನು ಮತ್ತೆ ನಮ್ಮ ಕಾರಿನಲ್ಲಿ ಸಂತೆಗೆ ಕರೆದುಕೊಂಡು ಹೋದೆವು. ಕೂಸಿಗೆ ಈಗ ಎರಡು ವರ್ಷ, ಮುಂದಿನ ಸೀಟೇ ಬೇಕು ಅನ್ನುತ್ತದೆ. ಎಸಿ ತಣ್ಣಗೆ ಬರುತ್ತಿತ್ತು. ಆದರೂ ಅಜ್ಜಿಯ ಚೀಲದಲ್ಲಿ ನೀರಿನ ಬಾಟಲಿ, ಟವೆಲ್ ಎರಡೂ ಇದ್ದವು.